ಸಿನಿಮಾ ಗೇಮ್‌ಗಳು ಯಾಕೆ ಇಷ್ಟು ಸಪ್ಪೆ?

ತಮ್ಮನ ಪಿಎಸ್3 (ಪ್ಲೇಸ್ಟೇಷನ್ 3) ಗೇಮ್ ಯಂತ್ರಕ್ಕೆ ಹುಬ್ಬಳ್ಳಿಯಲ್ಲಿ ಹಳೇ ಡಿಸ್ಕ್ ಹುಡುಕ್ತಿದ್ದೀರಿ, ಸೂಪರ್‌ಹೀರೋ ಗೇಮ್ ಯಾವುದು ತಂದರೂ ಎರಡೇ ದಿನಕ್ಕೆ ಬೇಜಾರು ಅಂತೀರಿ. ತಮ್ಮನ ತಪ್ಪಲ್ಲ ಬಿಡಿ, ಸಿನಿಮಾ ಹೆಸರಲ್ಲಿ ಬರುವ ಗೇಮ್‌ಗಳು ಬಹಳಷ್ಟು ಹಾಗೇ.

ದೊಡ್ಡ ಕಾರಣ ಗಡಿಬಿಡಿ. ಸಿನಿಮಾ ತೆರೆಗೆ ಬರುವ ಹೊತ್ತಿಗೆ ಗೇಮ್ ಅಂಗಡಿಯಲ್ಲಿರಬೇಕು, ಬೆಂದಿದೆಯೋ ಇಲ್ಲವೋ ಯಾರೂ ಕೇಳಲ್ಲ. 1982ರಲ್ಲಿ 'ಇ.ಟಿ.' ಸಿನಿಮಾ ಆಧರಿಸಿದ ಅಟಾರಿ ಕಂಪನಿಯ ಗೇಮನ್ನು ಹೋವರ್ಡ್ ಸ್ಕಾಟ್ ವಾರ್ಷಾ ಎಂಬ ಪ್ರೋಗ್ರಾಮರ್ ಐದು ವಾರ ಚಿಲ್ಲರೆಯಲ್ಲಿ ಮುಗಿಸಿದರು. ಕ್ರಿಸ್‌ಮಸ್ ವ್ಯಾಪಾರ ತಪ್ಪಬಾರದಲ್ವಾ! ಮಾರಾಟವಾಗದ ಕಾರ್ಟ್ರಿಜ್‌ಗಳಲ್ಲಿ (ಆಗ ಗೇಮ್ ಬರ್ತಿದ್ದ ಪ್ಲಾಸ್ಟಿಕ್ ಡಬ್ಬಿ) ಒಂದಿಷ್ಟು ಅಮೆರಿಕದ ನ್ಯೂ ಮೆಕ್ಸಿಕೋದ ಕಸದ ಗುಂಡಿ ಸೇರಿದವು. 2014ರಲ್ಲಿ ಅಗೆದಾಗ ನಿಜಕ್ಕೂ ಸಿಕ್ಕವು.

ಇನ್ನು ಹೆಸರೇ ಮಾರುತ್ತೆ ಅಂದಮೇಲೆ ಆಟಕ್ಕೆ ಯಾರು ಜಾಸ್ತಿ ದುಡ್ಡು ಹಾಕ್ತಾರೆ?

ಸೂಪರ್‌ಹೀರೋಗಳದು ಬೇರೆಯೇ ತಾಪತ್ರಯ. ಸೂಪರ್‌ಮ್ಯಾನ್‌ಗೆ ಏಟೇ ತಾಗಲ್ಲ. ಸೋಲುವ ಭಯ ಇಲ್ಲದಿದ್ದರೆ ಅದೆಂಥ ಆಟ? ನಿಂಟೆಂಡೊ 64 ಯಂತ್ರಕ್ಕೆ 1999ರಲ್ಲಿ ಬಂದ ಸೂಪರ್‌ಮ್ಯಾನ್ ಗೇಮಲ್ಲಿ ಅಂಥ ಬಲಶಾಲಿ ಸುಮ್ನೆ ಗಾಳಿಯಲ್ಲಿ ತೇಲುವ ದೊಡ್ಡ ಬಳೆಗಳೊಳಗೆ ತೂರಿಕೊಂಡು ಹಾರುತ್ತಾನೆ, ಸುತ್ತ ಬರೀ ಮಂಜು. ನೋಡಿದರೆ ಅಯ್ಯೋ ಅನಿಸುತ್ತೆ.

ಪುರುಸೊತ್ತು ಕೊಟ್ಟರೆ ಚೆನ್ನಾಗಿಯೂ ಬರುತ್ತವೆ. ಜೇಮ್ಸ್ ಬಾಂಡ್‌ನ 'ಗೋಲ್ಡನ್‌ಐ' ಸಿನಿಮಾ ಬಂದದ್ದು 1995ರಲ್ಲಿ, ಗೇಮ್ 1997ರಲ್ಲಿ. ಅದನ್ನು ಜನ ಇವತ್ತಿಗೂ ನೆನೆಯುತ್ತಾರೆ. 2009ರ 'ಬ್ಯಾಟ್‌ಮ್ಯಾನ್: ಆರ್ಕಮ್ ಅಸೈಲಮ್' ಯಾವ ಸಿನಿಮಾದ ಬಾಲವೂ ಅಲ್ಲ. ಕತ್ತಲಲ್ಲಿ ಅಡಗಿ, ಒಬ್ಬೊಬ್ಬರನ್ನೇ ಕೆಡವುವುದು ಬ್ಯಾಟ್‌ಮ್ಯಾನ್ ಸ್ವಭಾವ. ಆಟವೂ ಅದೇ.

ತಮ್ಮ ತೀರಾ ಚಿಕ್ಕವನಲ್ಲದಿದ್ದರೆ ಅದನ್ನೇ ತಗೊಳ್ರಿ, ಸ್ವಲ್ಪ ಭಯ ಹುಟ್ಟಿಸುವಂಥದ್ದು. ಕೊಪ್ಪೀಕರ್ ರಸ್ತೆ ಕಡೆ ವಿಚಾರಿಸಿ. ದುಡ್ಡು ಕೊಡುವ ಮೊದಲು ಡಿಸ್ಕ್ ತಿರುಗಿಸಿ ಗೀರು ನೋಡಿಕೊಳ್ಳಿ.