ಬ್ರಿಟನ್ನಿನಲ್ಲಿ ಮಕ್ಕಳ ಮೇಲೆ ಕೈಮಾಡುವ ಮುನ್ನ

ಕುಟುಂಬಸಮೇತ ಇಂಗ್ಲೆಂಡ್‌ನ ಬ್ರಿಸ್ಟಲ್‌ಗೆ ಬರಲಿರುವ ನೀವು, ಹಟಮಾರಿ ಮಗುವಿಗೆ ಒಂದು ಪೆಟ್ಟು ಕೊಟ್ಟರೂ ಇಲ್ಲಿ ಮಗುವನ್ನೇ ಕಿತ್ತುಕೊಳ್ಳುತ್ತಾರಂತೆ, ನಿಜವೇ ಎಂದು ಕೇಳಿದ್ದೀರಿ. ಅದು ಉತ್ಪ್ರೇಕ್ಷೆ. ಆದರೆ ಅದರ ಹಿಂದಿರುವ ವಿಷಯವನ್ನು ಹಗುರವಾಗಿ ಕಾಣುವಂತಿಲ್ಲ.

ಬ್ರಿಟನ್ನಿಗೆಲ್ಲ ಒಂದೇ ಕಾನೂನು ಇಲ್ಲವೆಂಬುದು ಬಹಳ ಮಂದಿಗೆ ತಿಳಿದಿರುವುದಿಲ್ಲ. ಸ್ಕಾಟ್ಲೆಂಡ್‌ನಲ್ಲಿ 2020ರ ನವೆಂಬರ್‌ನಿಂದ, ವೇಲ್ಸ್‌ನಲ್ಲಿ 2022ರ ಮಾರ್ಚ್ 21ರಿಂದ, ಹೆತ್ತವರು ಶಿಸ್ತಿನ ಹೆಸರಿನಲ್ಲಿ ಕೊಡುವ ಹಗುರವಾದ ಪೆಟ್ಟಿಗೂ ಕಾನೂನಿನ ರಕ್ಷಣೆ ಉಳಿದಿಲ್ಲ. ಇಂಗ್ಲೆಂಡ್‌ನಲ್ಲಿ ಮಾತ್ರ, ನಾನಿದನ್ನು ಬರೆಯುವ ಹೊತ್ತಿಗೆ, ‘ಸಮಂಜಸ ಶಿಕ್ಷೆ’ ಎಂಬ ಹಳೆಯ ಸಮರ್ಥನೆ ಉಳಿದುಕೊಂಡಿದೆ. ಇದರ ಬೇರು 1860ರ ಒಂದು ತೀರ್ಪಿನಲ್ಲಿದೆ. ವಿಚಿತ್ರವೆಂದರೆ, ವಿದ್ಯಾರ್ಥಿಯನ್ನು ಸಾಯುವಂತೆ ಹೊಡೆದ ಶಿಕ್ಷಕನೊಬ್ಬನನ್ನು ಶಿಕ್ಷಿಸಿದ ಮೊಕದ್ದಮೆಯದು! 2004ರ ಮಕ್ಕಳ ಕಾಯ್ದೆಯ 58ನೇ ಸೆಕ್ಷನ್ ಈ ಸಮರ್ಥನೆಯನ್ನು ಬಹಳ ಕಿರಿದುಗೊಳಿಸಿತು. ಪೆಟ್ಟಿನಿಂದ ದೇಹಕ್ಕೆ ನಿಜವಾದ ಗಾಯವಾದರೆ ಅದು ಹೆತ್ತವರ ನೆರವಿಗೆ ಬರುವುದಿಲ್ಲ.

ನಿಮ್ಮ ಪೆಟ್ಟು ಸಮಂಜಸವಾಗಿತ್ತೇ ಎಂಬುದನ್ನು ನೀವು ತೀರ್ಮಾನಿಸುವುದಿಲ್ಲ, ಘಟನೆ ನಡೆದುಹೋದ ಮೇಲೆ ಪೊಲೀಸರೋ ನ್ಯಾಯಾಲಯವೋ ತೀರ್ಮಾನಿಸುತ್ತದೆ. ಆದ್ದರಿಂದ ಎಷ್ಟರವರೆಗೆ ಅನುಮತಿಯಿದೆ ಎಂದು ಅಳೆಯುವುದೇ ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ. ಮಗು ಶಾಲೆಯಲ್ಲಿ ‘ಅಪ್ಪ ಹೊಡೆದರು’ ಎಂದರೆ ಶಿಕ್ಷಕರು ಅದನ್ನು ಮಕ್ಕಳ ಸುರಕ್ಷತೆಯ ಹೊಣೆ ಹೊತ್ತ ಸಹೋದ್ಯೋಗಿಗೆ ತಿಳಿಸುತ್ತಾರೆ, ಅಲ್ಲಿಂದ ಅದು ಸ್ಥಳೀಯ ಆಡಳಿತದ ಸಮಾಜ ಕಾರ್ಯಕರ್ತರವರೆಗೆ ಹೋಗಬಹುದು. ಇದನ್ನು ಅವರು ನಿಮ್ಮ ಮೇಲಿನ ದ್ವೇಷದಿಂದ ಮಾಡುವುದಿಲ್ಲ. ಅದು ಅವರ ಕರ್ತವ್ಯ. ಹಾಗೆಂದು ಸಮಾಜ ಕಾರ್ಯಕರ್ತರು ತಾವಾಗಿಯೇ ಮಗುವನ್ನು ಕರೆದೊಯ್ಯುವಂತಿಲ್ಲ: ಹೆತ್ತವರ ಒಪ್ಪಿಗೆಯಿಲ್ಲದಿದ್ದರೆ ನ್ಯಾಯಾಲಯದ ಆದೇಶ ಬೇಕು. ಗಂಭೀರ ಅಪಾಯವಿದೆಯೆಂದು ನಂಬಲು ಕಾರಣವಿದ್ದಾಗ ಪೊಲೀಸರು ಗರಿಷ್ಠ 72 ಗಂಟೆಗಳ ಕಾಲ ಮಗುವನ್ನು ತಮ್ಮ ರಕ್ಷಣೆಯಲ್ಲಿ ಇರಿಸಿಕೊಳ್ಳಬಹುದು.

ಬ್ರಿಸ್ಟಲ್‌ನಿಂದ ಸೆವರ್ನ್ ನದಿಯ ಸೇತುವೆ ದಾಟಿದರೆ ವೇಲ್ಸ್. ವಾರಾಂತ್ಯದಲ್ಲಿ ಕಾರ್ಡಿಫ್‌ಗೆ ಹೋದವರಿಗೂ ಅಲ್ಲಿನ ಕಾನೂನೇ ಅನ್ವಯಿಸುತ್ತದೆ. ಮೊಮ್ಮಕ್ಕಳನ್ನು ನೋಡಲು ಊರಿನಿಂದ ಬರುವ ಅಜ್ಜ-ಅಜ್ಜಿಯರಿಗೂ ಅಲ್ಲಿ ವಿನಾಯಿತಿಯಿಲ್ಲ, ಹಾಗಾಗಿ ಅವರು ವಿಮಾನ ಹತ್ತುವ ಮೊದಲೇ ಈ ವಿಷಯವನ್ನು ಬಿಡಿಸಿ ಹೇಳಿಬಿಡಿ.