ಕಡಿಮೆ ಬಂಡವಾಳದಲ್ಲಿ ಬಣ್ಣದ ಬಾಲ್ ಪೈಥಾನ್: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಾನು ಬದಿಯಡ್ಕದ ಸಮೀಪದವನು. ಪದವಿ ಮುಗಿಸಿ ಮನೆಯ ಅಡಿಕೆ ತೋಟ ನೋಡಿಕೊಳ್ಳುತ್ತಿದ್ದೇನೆ. ಬಾಲ್ ಪೈಥಾನ್ ಹಾವು ಸಾಕಿ, ಅಲ್ಬಿನೊ (ಹಳದಿ–ಬಿಳಿ) ಅಥವಾ ಪೈಬಾಲ್ಡ್ (ಬಿಳಿ ಪಟ್ಟೆಗಳ) ಬಣ್ಣದ ಮರಿಗಳನ್ನು ಪಡೆಯಬೇಕೆಂಬುದು ಬಹಳ ದಿನಗಳ ಆಸೆ. ಬಣ್ಣ ಕಾಣುವ ಜೋಡಿಯನ್ನೇ ಕೊಳ್ಳುವಷ್ಟು ಹಣವಿಲ್ಲ. ಬೆಂಗಳೂರಿನ ಒಬ್ಬರು ‘ಶೇ. 66 ಹೆಟ್’ ಎಂದು ಹೇಳಿ ಸಾದಾ ಬಣ್ಣದ ನಾಲ್ಕು ಹೆಣ್ಣು ಮರಿಗಳನ್ನು ಅಗ್ಗಕ್ಕೆ ಕೊಡುತ್ತಾರಂತೆ. ಕಾಗದಪತ್ರಗಳನ್ನು ಆಮೇಲೆ ಮಾಡಿಸಿಕೊಳ್ಳಬಹುದು ಎನ್ನುತ್ತಾರೆ. ಕೊಳ್ಳಬಹುದೇ?

ಉತ್ತರ: ಕೊಳ್ಳಬೇಡಿ. ಹಾವಿನ ಗುಣದ ವಿಚಾರವನ್ನು ಆಮೇಲೆ ನೋಡೋಣ. ಕಾಗದಪತ್ರ ಆಮೇಲೆ ಎನ್ನುವ ಮಾತೊಂದೇ ಈ ವ್ಯವಹಾರವನ್ನು ಬಿಡಲು ಸಾಕು. ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು. ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಅದರ ಹೆಸರಿದೆ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸೈಟಿಸ್ ಪಟ್ಟಿಯ ಪ್ರಾಣಿಗಳು ಆ ಕಾಯ್ದೆಯ ನಾಲ್ಕನೆಯ ಅನುಸೂಚಿಗೆ ಸೇರಿವೆ. ಇಂಥ ಪ್ರಾಣಿಯನ್ನು ಇಟ್ಟುಕೊಂಡಿರುವುದು, ಕೈ ಬದಲಾಯಿಸುವುದು, ಅದು ಮರಿ ಹಾಕುವುದು, ಸಾಯುವುದು, ಎಲ್ಲವನ್ನೂ ವರದಿ ಮಾಡಿ ನೋಂದಾಯಿಸಬೇಕೆಂದು 2024ರ ಫೆಬ್ರವರಿಯಲ್ಲಿ ಬಂದ ನಿಯಮಗಳು ಹೇಳುತ್ತವೆ. ಅರ್ಜಿ ಹೋಗಬೇಕಾದದ್ದು ಪರಿವೇಶ್ ಎಂಬ ಸರ್ಕಾರಿ ಜಾಲತಾಣದ ಮೂಲಕ. ಮಾರುವವರು ಕರ್ನಾಟಕದಲ್ಲಿದ್ದರೂ ನಿಮ್ಮ ಮನೆ ಇರುವುದು ಕೇರಳದಲ್ಲಿ. ಆದುದರಿಂದ ನಿಮ್ಮ ಅರ್ಜಿಯನ್ನು ನೋಡುವವರು ಕೇರಳದ ಮುಖ್ಯ ವನ್ಯಜೀವಿ ಪರಿಪಾಲಕರು. ಮಾರುವವರ ಹೆಸರಿನಲ್ಲಿ ಆ ಹಾವು ನೋಂದಣಿಯಾಗಿರದಿದ್ದರೆ ಅದನ್ನು ನಿಮ್ಮ ಹೆಸರಿಗೆ ವರ್ಗಾಯಿಸುವ ದಾರಿಯೇ ಇರುವುದಿಲ್ಲ, ಮುಂದೆ ಹುಟ್ಟುವ ಪ್ರತಿಯೊಂದು ಮರಿಗೂ ಅದೇ ತೊಡಕು ಅಂಟಿಕೊಳ್ಳುತ್ತದೆ. ಮುಂಗಡ ಕೊಡುವ ಮೊದಲು ಅರಣ್ಯ ಇಲಾಖೆಯ ಕಚೇರಿಗೆ ಹೋಗಿ, ನಿಮ್ಮ ಉದ್ದೇಶವನ್ನು ಬರೆದುಕೊಟ್ಟು, ಉತ್ತರವನ್ನೂ ಬರಹದಲ್ಲೇ ಪಡೆದುಕೊಳ್ಳಿ.

ಈ ಎಚ್ಚರಿಕೆಗೆ ಕಾರಣವಿದೆ. 2023ರ ಸೆಪ್ಟೆಂಬರಿನಲ್ಲಿ ಬ್ಯಾಂಕಾಕಿನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂದ ಸಾಮಾನಿನಲ್ಲಿ ಕಸ್ಟಮ್ಸ್ ಅಧಿಕಾರಿಗಳಿಗೆ ಬೇರೆ ಬೇರೆ ಬಣ್ಣದ 55 ಬಾಲ್ ಪೈಥಾನ್‌ಗಳೂ 17 ಕಾಳಿಂಗ ಸರ್ಪಗಳೂ ಸಿಕ್ಕಿದವು. ಜೊತೆಗಿದ್ದ ಆರು ಕಪುಚಿನ್ ಕೋತಿಗಳು ಸತ್ತಿದ್ದವು. ದಾಖಲೆಯಿಲ್ಲದೆ ಅಗ್ಗಕ್ಕೆ ಸಿಗುವ ಮರಿ ಇಂಥ ಪೆಟ್ಟಿಗೆಯೊಂದರಿಂದ ಬಂದಿರಬಹುದು, ಹುಳ, ಉಣ್ಣಿ, ಶ್ವಾಸಕೋಶದ ಸೋಂಕುಗಳನ್ನು ಹೊತ್ತು ತಂದಿರಬಹುದು.

ಇನ್ನು ಗುಣದ ವಿಚಾರ. ಅಲ್ಬಿನೊ, ಪೈಬಾಲ್ಡ್, ಕ್ಲೌನ್ ಇವೆಲ್ಲ ಶಾಲೆಯಲ್ಲಿ ನಾವು ದುರ್ಬಲ ಗುಣ ಎಂದು ಓದಿದ ಬಗೆಯವು. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಜೀನಿನ ಎರಡು ಪ್ರತಿಗಳೂ ಬಂದರೆ ಮಾತ್ರ ಬಣ್ಣ ಹೊರಗೆ ಕಾಣುತ್ತದೆ. ಒಂದೇ ಪ್ರತಿ ಇರುವ ಹಾವು ನೋಡಲು ಸಾದಾ ಹಾವಿನಂತೆಯೇ ಇರುತ್ತದೆ; ಅದನ್ನೇ ಸಾಕುವವರು ಹೆಟ್ ಎನ್ನುತ್ತಾರೆ. ಬಣ್ಣ ಕಾಣುವ ಹಾವಿಗೆ ಸಾದಾ ಹಾವನ್ನು ಕೂಡಿಸಿದರೆ ಮರಿಗಳೆಲ್ಲವೂ ಖಚಿತವಾಗಿ ಹೆಟ್. ಹೆಟ್‌ಗೆ ಹೆಟ್ ಕೂಡಿಸಿದರೆ ಸರಾಸರಿ ನಾಲ್ಕರಲ್ಲಿ ಒಂದಕ್ಕೆ ಬಣ್ಣ ಬರುತ್ತದೆ, ಉಳಿದ ಸಾದಾ ಮರಿಗಳಲ್ಲಿ ಮೂರರಲ್ಲಿ ಎರಡು ಹೆಟ್ ಆಗಿರುತ್ತವೆ, ಯಾವ ಎರಡು ಎಂದು ನೋಡಿ ಹೇಳುವುದು ಸಾಧ್ಯವಿಲ್ಲ. ಶೇ. 66 ಎನ್ನುವ ಮಾತು ಹುಟ್ಟಿದ್ದು ಇಲ್ಲಿಂದ.

ಆ ನಾಲ್ಕು ಮರಿಗಳ ದಾಖಲೆ ಸರಿಯಾಗಿಯೇ ಇದೆ ಎಂದುಕೊಂಡು ಲೆಕ್ಕ ಹಾಕಿ. ನಾಲ್ಕರಲ್ಲಿ ಸರಾಸರಿ ಎರಡೂವರೆಗಿಂತ ತುಸು ಹೆಚ್ಚು ಹೆಟ್ ಇರುತ್ತವೆ. ಮೂರು ವರ್ಷ ನಾಲ್ಕಕ್ಕೂ ಮೇವು, ಪೆಟ್ಟಿಗೆ, ಬಿಸಿ ಒದಗಿಸಿ, ಗಂಡಿನ ಜೊತೆ ಬಿಟ್ಟು, ಮೊಟ್ಟೆ ಒಡೆದ ಮೇಲೆ ಮಾತ್ರ ಯಾವುದು ಏನು ಎಂದು ತಿಳಿಯುತ್ತದೆ. ಅದರ ಬದಲು, ಬಣ್ಣ ಕಾಣುವ ತಂದೆಯೋ ತಾಯಿಯೋ ಇರುವ, ಹಾಗಾಗಿ ಖಚಿತವಾಗಿ ಹೆಟ್ ಆದ ಎರಡು ಹೆಣ್ಣುಗಳನ್ನು ತುಸು ಹೆಚ್ಚು ಕೊಟ್ಟು ಕೊಂಡರೆ ಸರಾಸರಿ ಅದರ ಮುಕ್ಕಾಲು ಪಾಲು ಫಲ ಅರ್ಧ ಮೇವಿನ ಖರ್ಚಿನಲ್ಲಿ ಸಿಗುತ್ತದೆ. ಬಣ್ಣದ ಹಾವಿನ ಕೆಲಸದಲ್ಲಿ ಕೊಳ್ಳುವ ಬೆಲೆ ಒಂದು ಸಲದ ಮಾತು. ಸಾಕುವ ವೆಚ್ಚ ಪ್ರತಿ ತಿಂಗಳೂ ಬರುತ್ತದೆ. ನಿಮ್ಮ ಸೀಮಿತ ಹಣ ಹಾವಿನ ಸಂಖ್ಯೆಗೆ ಹೋಗಬಾರದು, ಖಚಿತತೆಗೆ ಹೋಗಬೇಕು. ನನ್ನ ಉತ್ತರದಲ್ಲಿ ಬೇರೇನನ್ನು ಮರೆತರೂ ಇದನ್ನು ನೆನಪಿಡಿ ಎಂದು ಕೇಳಿಕೊಳ್ಳುತ್ತೇನೆ.

ಹಾಗಾದರೆ ಇರುವ ಹಣವನ್ನು ಎಲ್ಲಿ ಹಾಕಬೇಕು? ಬಣ್ಣ ಕಾಣುವ ಒಂದು ಒಳ್ಳೆಯ ಗಂಡಿನ ಮೇಲೆ. ಗಂಡು ಸಾಮಾನ್ಯವಾಗಿ ಅದೇ ಬಣ್ಣದ ಹೆಣ್ಣಿಗಿಂತ ಅಗ್ಗ, ಒಂದರಿಂದ ಒಂದೂವರೆ ವರ್ಷದಲ್ಲಿ, ಸುಮಾರು 600–700 ಗ್ರಾಂ ತೂಗುವಾಗ ಕೂಡಲು ಸಿದ್ಧವಾಗುತ್ತದೆ, ಒಂದೇ ಗಂಡು ಒಂದು ಋತುವಿನಲ್ಲಿ ಹಲವು ಹೆಣ್ಣುಗಳಿಗೆ ಸಾಕಾಗುತ್ತದೆ. ಹೆಣ್ಣಿಗೆ ಕನಿಷ್ಠ 1500 ಗ್ರಾಂ ತೂಕವೂ ಸುಮಾರು ಮೂರು ವರ್ಷ ವಯಸ್ಸೂ ಬೇಕು. ಅವಸರಪಟ್ಟು ಸಣ್ಣ ಹೆಣ್ಣನ್ನು ಕೂಡಿಸಿದರೆ ಮೊಟ್ಟೆ ಸಿಕ್ಕಿಕೊಂಡು ಪ್ರಾಣಕ್ಕೇ ಕುತ್ತಾಗಬಹುದು. ಒಂದು ಹೆಣ್ಣು ಸಾಮಾನ್ಯವಾಗಿ ಆರರ ಆಸುಪಾಸು ಮೊಟ್ಟೆ ಇಡುತ್ತದೆ. ಅಲ್ಬಿನೊ ಗಂಡಿಗೆ ಹೆಟ್ ಹೆಣ್ಣನ್ನು ಕೂಡಿಸಿದಾಗ ಆರು ಮೊಟ್ಟೆಯಲ್ಲಿ ಒಂದೂ ಅಲ್ಬಿನೊ ಬರದಿರುವ ಸಾಧ್ಯತೆ 64ರಲ್ಲಿ ಒಂದು ಮಾತ್ರ. ಗಂಡೂ ಹೆಣ್ಣೂ ಹೆಟ್ ಆಗಿದ್ದರೆ ಅದೇ ನಿರಾಸೆಯ ಸಾಧ್ಯತೆ ಸುಮಾರು ಶೇ. 18ಕ್ಕೆ ಏರುತ್ತದೆ. ಹೆಟ್ ಹೆಣ್ಣಿಗೂ ಹಣ ಸಾಲದಿದ್ದರೆ ಸಾದಾ ಹೆಣ್ಣಿನಿಂದ ಆರಂಭಿಸಬಹುದು. ಆಗ ಮೊದಲ ಮರಿಗಳಲ್ಲಿ ಬಣ್ಣ ಕಾಣುವುದಿಲ್ಲ, ಆ ಹೆಣ್ಣು ಮರಿಗಳು ಬೆಳೆದು ಮೊಟ್ಟೆ ಇಡುವ ಹೊತ್ತಿಗೆ ಆರೇಳು ವರ್ಷ ಕಳೆದಿರುತ್ತದೆ. ಅಡಿಕೆ ಸಸಿ ನೆಟ್ಟು ಫಸಲಿಗೆ ಕಾದ ಮನೆಯವರಿಗೆ ಆ ತಾಳ್ಮೆಯನ್ನು ನಾನು ಹೇಳಿಕೊಡಬೇಕಾಗಿಲ್ಲ.

ಅಲ್ಬಿನೊ ಅಥವಾ ಪೈಬಾಲ್ಡ್ ಎಂದು ಬರೆದಿದ್ದೀರಿ. ಆ ‘ಅಥವಾ’ವನ್ನು ಬಿಡಬೇಡಿ, ಒಂದನ್ನೇ ಆರಿಸಿಕೊಳ್ಳಿ. ಎರಡೂ ಬಣ್ಣಗಳು ಒಂದೇ ಮರಿಯಲ್ಲಿ ಬರಲೆಂದು ಎರಡಕ್ಕೂ ಹೆಟ್ ಆದ ಜೋಡಿಯನ್ನು ಕೂಡಿಸಿದರೆ ಅಂಥ ಮರಿ ಹದಿನಾರರಲ್ಲಿ ಒಂದು. ಆರು ಮೊಟ್ಟೆಗಳ ಸಾಲಿನಲ್ಲಿ ಅದು ಕಾಣದಿರುವ ಸಾಧ್ಯತೆಯೇ ಮೂರರಲ್ಲಿ ಎರಡು ಪಾಲು. ಜಾಗ, ಹಣ ಎರಡೂ ಇರುವವರ ಕೆಲಸ ಅದು.

ಹೆಸರುಗಳಲ್ಲಿ ಮೋಸಹೋಗದಿರುವುದೂ ಮುಖ್ಯ. ಅಲ್ಬಿನೊ ಮತ್ತು ಲ್ಯಾವೆಂಡರ್ ಅಲ್ಬಿನೊ ಎರಡೂ ಹಳದಿ, ಬಿಳಿ, ಕೆಂಪು ಕಣ್ಣಿನ ಹಾವುಗಳಾದರೂ ಅವುಗಳ ಜೀನ್ ಬೇರೆ ಬೇರೆ. ಒಂದಕ್ಕೊಂದು ಕೂಡಿಸಿದರೆ ಕಂದು ಬಣ್ಣದ ಸಾದಾ ಮರಿಗಳೇ ಹುಟ್ಟುತ್ತವೆ. ಕಪ್ಪು–ಬೂದು ಬಣ್ಣದ ಆಕ್ಸಾಂಥಿಕ್‌ನಲ್ಲಿಯೂ ವಿಪಿಐ, ಟಿಎಸ್‌ಕೆ, ಎಂಜೆ ಎಂದು ಪ್ರತ್ಯೇಕ ವಂಶಗಳಿದ್ದು, ಅವು ಒಂದಕ್ಕೊಂದು ಹೊಂದುವುದಿಲ್ಲ. ಕ್ಯಾರಮೆಲ್ ಅಲ್ಬಿನೊದಲ್ಲಿ ಬೆನ್ನೆಲುಬು ಡೊಂಕಾದ ಮರಿಗಳು ಹುಟ್ಟುವುದು ಹಳೆಯ ಸಮಸ್ಯೆ. ಎಷ್ಟೇ ಅಗ್ಗವಾಗಿ ಸಿಕ್ಕರೂ ಅದನ್ನು ತರಬೇಡಿ. ನೋವಿನಲ್ಲಿ ಬದುಕುವ ಪ್ರಾಣಿಯನ್ನು ಬಣ್ಣಕ್ಕಾಗಿ ಹುಟ್ಟಿಸುವುದು ತಪ್ಪೆಂಬುದು ನನ್ನ ದೃಢವಾದ ಅಭಿಪ್ರಾಯ. ತಲೆ ನಡುಗುವ ತೊಂದರೆ ಅಂಟಿಕೊಂಡೇ ಬರುವ ಸ್ಪೈಡರ್ ಎಂಬ ಬಗೆಗೂ ಇದೇ ಮಾತು ಅನ್ವಯಿಸುತ್ತದೆ. ಪೈಬಾಲ್ಡ್‌ನ ಹೆಟ್ ಎಂದು ತೋರಿಸುವಾಗ ಮಾರುವವರು ಹಾವನ್ನು ಮಗುಚಿ, ಹೊಟ್ಟೆಯ ಅಡಿಯಲ್ಲಿ ಬಾಲದ ಕಡೆಗೆ ಎರಡು ಅಂಚಿನಲ್ಲೂ ಓಡುವ ಕಪ್ಪು ಗೆರೆಗಳನ್ನು ತೋರಿಸುತ್ತಾರೆ. ಹೆಟ್ ಹಾವುಗಳಲ್ಲಿ ಅಂಥ ಗೆರೆ ಹೆಚ್ಚಾಗಿ ಕಾಣುವುದು ನಿಜ; ಹೆಟ್ ಅಲ್ಲದ ಹಾವಿನಲ್ಲಿಯೂ ಕಾಣಬಹುದಾದುದರಿಂದ ಅದು ಪುರಾವೆಯಾಗುವುದಿಲ್ಲ. ತಂದೆತಾಯಿಗಳ ಚಿತ್ರ, ಮೊಟ್ಟೆ ಒಡೆದ ದಿನಾಂಕ, ಅದೇ ಸಾಲಿನ ಒಡಹುಟ್ಟುಗಳ ವಿವರ, ಇವನ್ನು ಕೇಳಿ ಪಡೆಯಿರಿ. ಕಳಚಿದ ಪೊರೆಯಿಂದ ಹೆಟ್ ಹೌದೇ ಅಲ್ಲವೇ ಎಂದು ತಿಳಿಸುವ ಡಿಎನ್‌ಎ ಪರೀಕ್ಷೆ ಅಮೆರಿಕದಲ್ಲಿ ಕೆಲವು ಬಣ್ಣಗಳಿಗೆ ಲಭ್ಯವಿದೆ, ಆದರೆ ಗಡಿ ದಾಟುವ ಪೊರೆಯೂ ಸೈಟಿಸ್ ವ್ಯಾಪ್ತಿಗೆ ಬರುವುದರಿಂದ ಅದನ್ನು ಅಂಚೆಯಲ್ಲಿ ಸುಮ್ಮನೆ ಕಳಿಸುವಂತಿಲ್ಲ.

ಮಾರಾಟವಾಗದ ಮರಿಗಳ ಬಗ್ಗೆಯೂ ಯೋಚಿಸಿ. ಇಪ್ಪತ್ತು–ಮೂವತ್ತು ವರ್ಷ ಬದುಕುವ ಪ್ರಾಣಿ ಇದು. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 1961ರಿಂದ ಇದ್ದ ಒಂದು ಹೆಣ್ಣು, ಅರವತ್ತು ದಾಟಿದ ವಯಸ್ಸಿನಲ್ಲಿ, 2020ರಲ್ಲಿ ಏಳು ಮೊಟ್ಟೆ ಇಟ್ಟಿತು. ಸಾದಾ ಬಣ್ಣದ ಮರಿಗಳಿಗೆ ಸ್ಥಳವಿಲ್ಲವೆಂದಾದರೆ ಆ ವರ್ಷ ಜೋಡಿ ಕೂಡಿಸಬೇಡಿ.

ಪ್ರಶ್ನೆ: ಮಂಜೇಶ್ವರದಿಂದ ಬರೆಯುತ್ತಿದ್ದೇನೆ. ನನ್ನಲ್ಲಿ ನೋಂದಣಿಯಾದ ಒಂದು ಜೋಡಿ ಇದೆ. ಮೇವಿನ ಖರ್ಚು ಉಳಿಸಲು ತೆಂಗಿನ ತೋಟದಲ್ಲಿ ಬೋನಿಗೆ ಬಿದ್ದ ಇಲಿಗಳನ್ನು ಹಾಕಬಹುದೇ?

ಉತ್ತರ: ಖಂಡಿತ ಬೇಡ. ನಮ್ಮ ಕಡೆ ತೆಂಗಿನ ಮಂಡೆಯಲ್ಲಿ ಇಲಿಗಳಿಗೆಂದು ಬ್ರೊಮಾಡಿಯೊಲೋನ್ ಎಂಬ ವಿಷದ ಬಿಲ್ಲೆ ಇಡುವುದು ರೂಢಿ. ಅದನ್ನು ತಿಂದ ಇಲಿ ಕೂಡಲೇ ಸಾಯದೆ ಕೆಲವು ದಿನ ಓಡಾಡಿಕೊಂಡಿರುತ್ತದೆ. ನೀವು ವಿಷ ಇಡದಿದ್ದರೂ ಪಕ್ಕದ ತೋಟದವರು ಇಟ್ಟಿರಬಹುದು, ಇಲಿಗೆ ಬೇಲಿಯ ಲೆಕ್ಕವಿಲ್ಲ. ವಿಷ ಇಲ್ಲದಿದ್ದರೂ ಹುಳಗಳ ಕಾಟ ತಪ್ಪುವುದಿಲ್ಲ. ಉಳಿತಾಯ ಬೇಕಿದ್ದರೆ ಬಿಳಿ ಇಲಿಗಳನ್ನು ಮನೆಯಲ್ಲೇ ಸಾಕಿ: ಒಂದು ಗಂಡು, ಎರಡು ಮೂರು ಹೆಣ್ಣು ಇದ್ದರೆ ಒಂದು ಜೋಡಿ ಹಾವಿಗೆ ಧಾರಾಳವಾಯಿತು. ಇಲಿಯನ್ನು ನೋವಾಗದಂತೆ ಕೊಂದು ಕೊಡಿ. ಜೀವಂತ ಇಲಿ ಹಾವಿನ ಮುಖ, ಬೆನ್ನು ಕಚ್ಚಿ ಗಾಯ ಮಾಡಿದ ಉದಾಹರಣೆಗಳು ಬಹಳ. ಕೂಡುವ ಋತುವಿನಲ್ಲಿ ಬಾಲ್ ಪೈಥಾನ್ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ತಿನ್ನದಿರುವುದುಂಟು. ತೂಕ ಇಳಿಯದಿದ್ದರೆ ಗಾಬರಿಪಡಬೇಡಿ, ಬಲವಂತವಾಗಿ ತಿನ್ನಿಸಲೂ ಹೋಗಬೇಡಿ.

ಪ್ರಶ್ನೆ: ಕುಂಬಳೆಯ ಗೃಹಿಣಿ. ತೋಟದ ಕಣಿಯಲ್ಲಿ ಹೆಬ್ಬಾವಿನ ಮರಿ ಸಿಕ್ಕಿದೆ. ಮಗ ಅದನ್ನು ಸಾಕುತ್ತೇನೆ, ಮುಂದೆ ಬಾಲ್ ಪೈಥಾನ್ ಜೊತೆ ಕೂಡಿಸುತ್ತೇನೆ ಎನ್ನುತ್ತಾನೆ.

ಉತ್ತರ: ಅದನ್ನು ಇಂದೇ ಬಿಡುಗಡೆಗೆ ಒಪ್ಪಿಸಿ. ನಮ್ಮ ಹೆಬ್ಬಾವು ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಒಂದು ದಿನ ಬುಟ್ಟಿಯಲ್ಲಿ ಮುಚ್ಚಿಟ್ಟರೂ ಅಪರಾಧ. ಕೇರಳ ಅರಣ್ಯ ಇಲಾಖೆಯ ‘ಸರ್ಪ’ ಆ್ಯಪ್‌ನಲ್ಲಿ ತಿಳಿಸಿದರೆ ತರಬೇತಿ ಪಡೆದ ಹಾವು ಹಿಡಿಯುವವರು ಬರುತ್ತಾರೆ. ಸಾಕಿದ ಬಾಲ್ ಪೈಥಾನ್ ಪೆಟ್ಟಿಗೆಯಿಂದ ತಪ್ಪಿಸಿಕೊಂಡರೂ ಅಲ್ಲಿಯೇ ತಿಳಿಸಬೇಕು. ಇಲ್ಲದಿದ್ದರೆ ಯಾರೋ ಅದನ್ನು ಹೆಬ್ಬಾವಿನ ಮರಿಯೆಂದು ತಿಳಿದು ಕಾಡಿಗೆ ಬಿಟ್ಟುಬಿಡುತ್ತಾರೆ, ಅದರ ರೋಗಗಳೂ ಜೊತೆಗೆ ಕಾಡು ಸೇರುತ್ತವೆ.

ಪ್ರಶ್ನೆ: ಹೊಸೂರಿನ ಓದುಗ. ಕಾಸರಗೋಡಿನ ಗೆಳೆಯ ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಮೊಟ್ಟೆ ಮರಿ ಮಾಡಿಸುತ್ತಾನಂತೆ. ದುಬಾರಿ ಇನ್‌ಕ್ಯುಬೇಟರ್ ಇಲ್ಲದೆ ಇದು ಸಾಧ್ಯವೇ? ಎರಡೂ ಊರಿಗೆ ಒಂದೇ ಕ್ರಮ ಸಾಕೇ?

ಉತ್ತರ: ಥರ್ಮೊಕೋಲ್ ಪೆಟ್ಟಿಗೆ ಧಾರಾಳ ಸಾಕು, ಆದರೆ ಶಾಖವನ್ನು ಒಂದೇ ಮಟ್ಟದಲ್ಲಿಡುವ ಥರ್ಮೋಸ್ಟಾಟ್‌ನಲ್ಲಿ ಕೈ ಬಿಗಿ ಹಿಡಿಯಬೇಡಿ. ಮೊಟ್ಟೆಗೆ ಬೇಕಾದದ್ದು 31ರಿಂದ 32 ಡಿಗ್ರಿ ಸೆಲ್ಸಿಯಸ್. ಅದು ಸ್ಥಿರವಾಗಿದ್ದರೆ 55ರಿಂದ 60 ದಿನಗಳಲ್ಲಿ ಮರಿಗಳು ಮೊಟ್ಟೆ ಸೀಳುತ್ತವೆ. ಎರಡು ಊರುಗಳ ತೊಂದರೆ ಒಂದಕ್ಕೊಂದು ವಿರುದ್ಧವಾದುದು. ಹೊಸೂರಿನ ಚಳಿಗಾಲದ ರಾತ್ರಿಯಲ್ಲಿ ಹಾವಿನ ಪೆಟ್ಟಿಗೆಯೇ ತಣ್ಣಗಾಗುತ್ತದೆ. ಒಂದು ತುದಿಯಲ್ಲಿ 31–32 ಡಿಗ್ರಿ, ಇನ್ನೊಂದು ತುದಿಯಲ್ಲಿ 25ಕ್ಕೆ ಇಳಿಯದಂತೆ ಬಿಸಿ ಕೊಡಬೇಕು. ಕಾಸರಗೋಡಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ತಾರಸಿಯ ಕೆಳಗಿನ ಕೋಣೆ 34 ಡಿಗ್ರಿ ದಾಟಬಲ್ಲದು. ಹೀಟ್ ಪ್ಯಾಡ್ ಬಿಸಿ ಮಾಡಬಲ್ಲದು, ತಣಿಸಲಾರದು. ಅಷ್ಟು ಬಿಸಿಯಲ್ಲಿ ಮರಿ ಅಂಗವಿಕಲವಾಗಬಹುದು, ಮೊಟ್ಟೆಯಲ್ಲೇ ಸಾಯಬಹುದು. ಅಲ್ಲಿ ಪೆಟ್ಟಿಗೆಯನ್ನು ಮನೆಯ ಅತ್ಯಂತ ತಂಪಾದ ನೆಲಮಟ್ಟದ ಕೋಣೆಯಲ್ಲಿ ಇಡಬೇಕು. ಮೇ ಕೊನೆಗೆ ಇಟ್ಟ ಮೊಟ್ಟೆ ಜೂನ್, ಜುಲೈಯ ಮಳೆಗೆ ಸಿಕ್ಕುತ್ತದೆ, ಕರೆಂಟ್ ಹೋಗುವುದು ಆಗಲೇ. ಸಣ್ಣ ಇನ್‌ವರ್ಟರ್ ಮತ್ತು ಪೆಟ್ಟಿಗೆಯೊಳಗೆ ನೀರು ತುಂಬಿದ ಎರಡು ಮೂರು ಬಾಟಲಿಗಳಿದ್ದರೆ ಶಾಖ ಕೆಲವು ಗಂಟೆ ನಿಲ್ಲುತ್ತದೆ.

ಮೊಟ್ಟೆಯನ್ನು ಎತ್ತುವ ಮೊದಲು ಮೇಲ್ಭಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ, ಆ ಬದಿ ಮೇಲೆಯೇ ಇರುವಂತೆ ಇಡಿ. ಭ್ರೂಣ ಒಳಗೋಡೆಗೆ ಅಂಟಿಕೊಂಡ ಮೇಲೆ ಮೊಟ್ಟೆಯನ್ನು ತಿರುಗಿಸಿದರೆ ಸಾಯಬಹುದು. ಕತ್ತಲಲ್ಲಿ ಸಣ್ಣ ಟಾರ್ಚ್ ಚಿಪ್ಪಿಗೆ ತಾಗಿಸಿದಾಗ ಗುಲಾಬಿ ಬೆಳಕಿನಲ್ಲಿ ಕೆಂಪು ರಕ್ತನಾಳಗಳ ಜಾಲ ಕಂಡರೆ ಮೊಟ್ಟೆ ಜೀವಂತವಾಗಿದೆ. ಹಳದಿಯಾಗಿ ಏನೂ ಕಾಣದ ಮೊಟ್ಟೆಯನ್ನು ಕೂಡಲೇ ಎಸೆಯಬೇಡಿ, ಒಂದು ವಾರ ಬಿಟ್ಟು ಮತ್ತೆ ನೋಡಿ. ಮೊಟ್ಟೆಯ ಅಡಿಗೆ ಹಾಸುವ, ತೇವ ಹಿಡಿದಿಡುವ ವರ್ಮಿಕ್ಯುಲೈಟ್ ಎಂಬ ಖನಿಜದ ಚೂರುಗಳನ್ನು ಹಿಂಡಿದರೆ ನೀರು ಜಿನುಗಬಾರದು, ಅಷ್ಟು ಮಾತ್ರ ತೇವ ಇರಬೇಕು. ಮೊದಲ ಮರಿ ತಲೆ ಹೊರಹಾಕಿದ ಮೇಲೂ ಉಳಿದವನ್ನು ಎಳೆದು ತೆಗೆಯಬೇಡಿ. ಹಳದಿ ಭಾಗವನ್ನು ಪೂರ್ತಿ ಹೀರಿಕೊಳ್ಳಲು ಅವು ಒಂದೆರಡು ದಿನ ಚಿಪ್ಪಿನಲ್ಲೇ ಕುಳಿತಿರುತ್ತವೆ.