ಕುಸ್ತಿ, ಜೂಡೋ ಕ್ಲಾಸಲ್ಲಿ ಕೋಚ್ ಮೈ ಮುಟ್ಟುವುದು ಯಾವಾಗ ಕಿರುಕುಳ? ಮೈಸೂರಲ್ಲಿ ಯಾರಿಗೆ ದೂರು ಕೊಡಬೇಕು?

ಮೈ ಮುಟ್ಟದೆ ಪಟ್ಟು ಕಲಿಸೋಕಾಗಲ್ಲ, ನಿಜ. ಆದರೆ ಒಳ್ಳೆಯ ಕೋಚ್ ಎಲ್ಲಿ ಹಿಡಿಯುತ್ತೇನೆಂದು ಮೊದಲೇ ಹೇಳುತ್ತಾನೆ, ಎಲ್ಲರೆದುರು ಮ್ಯಾಟ್ ಮೇಲೆ ತೋರಿಸುತ್ತಾನೆ, ಪಟ್ಟು ಮುಗಿದ ತಕ್ಷಣ ಕೈ ತೆಗೆಯುತ್ತಾನೆ. ಒಬ್ಬಳನ್ನೇ ರೂಮಿಗೆ ಕರೆದು ‘ಉಳುಕು ತೆಗೀತೀನಿ’ ಅನ್ನುವುದು, ತೂಕ ನೋಡುವ ನೆಪದಲ್ಲಿ ಬಟ್ಟೆ ತೆಗೆಸುವುದು, ರಾತ್ರಿ ವಾಟ್ಸಾಪ್‌ನಲ್ಲಿ ಮೈಕಟ್ಟಿನ ಮಾತು ಎತ್ತುವುದು ಯಾವ ತರಬೇತಿಯೂ ಅಲ್ಲ.

ಹುಡುಗಿಗೆ 18 ತುಂಬಿಲ್ಲದಿದ್ದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೋ ಕಾಯ್ದೆ ಅನ್ವಯಿಸುತ್ತದೆ. ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ‘ನಮ್ಮೊಳಗೇ ಸರಿ ಮಾಡ್ಕೊಳ್ಳೋಣ’ ಎಂದು ಅಕಾಡೆಮಿ ಮುಚ್ಚಿಟ್ಟರೆ ಅದೂ ಅಪರಾಧ. ಮಕ್ಕಳ ಸಹಾಯವಾಣಿ 1098.

ವಯಸ್ಕ ಮಹಿಳೆಯಾದರೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಇದೆ. ಅದರ ಪ್ರಕಾರ ಕ್ರೀಡಾಂಗಣ, ತರಬೇತಿ ಸಂಸ್ಥೆ ಎಲ್ಲವೂ ಕೆಲಸದ ಸ್ಥಳವೇ. ಹತ್ತು ಅಥವಾ ಹೆಚ್ಚು ಸಿಬ್ಬಂದಿ ಇರುವ ಕಡೆ ದೂರು ಕೇಳಲು ಸಂಸ್ಥೆಯದೇ ಆಂತರಿಕ ಸಮಿತಿ ಇರಲೇಬೇಕು. ಆದರೆ ಮೈಸೂರು, ಮಂಡ್ಯದ ಸಣ್ಣ ಕ್ಲಾಸುಗಳಲ್ಲಿ ಹತ್ತು ಜನ ಸಿಬ್ಬಂದಿ ಎಲ್ಲಿರುತ್ತಾರೆ? ಅಂಥ ಕಡೆ, ಅಥವಾ ಮಾಲೀಕನ ಮೇಲೇ ದೂರಿದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ಬರೆದು ಕೊಡಿ. ಡಿಸಿ ಕಚೇರಿಯಲ್ಲಿ ವಿಚಾರಿಸಿ. ತಡವಾಗಿದ್ದರೆ ಕಾರಣ ಬರೆಯಿರಿ, ಇನ್ನೂ ಮೂರು ತಿಂಗಳು ವಿಸ್ತರಿಸುವ ಅಧಿಕಾರ ಸಮಿತಿಗಿದೆ. ಪೊಲೀಸ್ ದೂರಿನ ಹಾದಿ ಬೇರೆ, ಅದೂ ತೆರೆದೇ ಇರುತ್ತದೆ. ಮೆಸೇಜ್ ಮಾತ್ರ ಅಳಿಸಬೇಡಿ.

2023ರಲ್ಲಿ ವಿನೇಶ್ ಫೋಗಟ್, ಸಾಕ್ಷಿ ಮಲಿಕ್ ಅಂಥ ಕುಸ್ತಿಪಟುಗಳೇ ಲೈಂಗಿಕ ಕಿರುಕುಳದ ವಿರುದ್ಧ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂರಬೇಕಾಯಿತು. ಆಂತರಿಕ ಸಮಿತಿ ಇಲ್ಲವೆಂಬ ವರದಿಯ ಮೇಲೆ ಕುಸ್ತಿ ಫೆಡರೇಶನ್‌ಗೆ ಮಾನವ ಹಕ್ಕುಗಳ ಆಯೋಗ ನೋಟಿಸ್ ಕೊಟ್ಟಿತ್ತು. ದಸರಾ ಕುಸ್ತಿಗೆ ನಮ್ಮ ಹೆಣ್ಣುಮಕ್ಕಳೂ ಇಳಿಯುತ್ತಿದ್ದಾರೆ. ಫೀಸು ಕಟ್ಟುವ ಮುಂಚೆಯೇ ‘ದೂರು ಕೇಳೋರು ಯಾರು?’ ಎಂದು ಕೇಳಿ.